ಪರೀಕ್ಷೆಯನ್ನೇ ಪರೀಕ್ಷಿಸುವ ಬಗೆ: ತಂತ್ರಾಂಶದಲ್ಲಿ ಮ್ಯುಟೇಷನ್ ಟೆಸ್ಟಿಂಗ್

ಬಿಲ್ಲಿಂಗ್, ದಾಸ್ತಾನು, ವೇತನದ ಲೆಕ್ಕ ಮುಂತಾದವುಗಳಿಗೆ ಸಣ್ಣ ಉದ್ದಿಮೆಗಳೂ ಇಂದು ತಂತ್ರಾಂಶವನ್ನೇ ಅವಲಂಬಿಸಿವೆ. ಅದನ್ನು ಸಿದ್ಧಪಡಿಸಿಕೊಡುವವರು ‘ಎಲ್ಲ ಪರೀಕ್ಷೆಗಳೂ ಯಶಸ್ವಿ, ಕವರೇಜ್ ಶೇ. 100’ ಎಂಬ ವರದಿ ಲಗತ್ತಿಸುವುದುಂಟು. ಕವರೇಜ್ ಎಂಬುದು ಪರೀಕ್ಷೆಯ ವೇಳೆ ಪ್ರೋಗ್ರಾಮಿನ ಎಷ್ಟು ಸಾಲುಗಳು ಓಡಿದವು ಎಂಬ ಲೆಕ್ಕ ಮಾತ್ರ. ಓಡಿದ ಸಾಲು ಸರಿಯಾದ ಉತ್ತರ ಕೊಟ್ಟಿತೇ ಎಂಬುದನ್ನು ಅದು ಹೇಳಲಾರದು.

ಕಾರ್ಖಾನೆಯ ತಪಾಸಣೆಗಾರನ ಎಚ್ಚರವನ್ನು ಅರಿಯಲು ಒಳ್ಳೆಯ ಬಿಡಿಭಾಗಗಳ ನಡುವೆ ಅಳತೆ ತಪ್ಪಿದ ಕೆಲವನ್ನು ಬೇಕೆಂದೇ ಸೇರಿಸಬಹುದು. ಮ್ಯುಟೇಷನ್ ಟೆಸ್ಟಿಂಗಿನ ತತ್ತ್ವವೂ ಇದೇ. ಪ್ರೋಗ್ರಾಮಿನಲ್ಲಿ ಒಂದೊಂದೇ ಸಣ್ಣ ತಪ್ಪನ್ನು ಹೊಕ್ಕಿಸಿ ‘ಮ್ಯುಟೆಂಟ್’ ಎಂಬ ಪ್ರತಿಗಳನ್ನು ತಯಾರಿಸಿ, ಅವುಗಳ ಮೇಲೆ ಹಳೆಯ ಪರೀಕ್ಷೆಗಳನ್ನೇ ನಡೆಸಲಾಗುತ್ತದೆ. ಪರೀಕ್ಷೆ ವಿಫಲವಾದರೆ ಮ್ಯುಟೆಂಟ್ ಸತ್ತಿತೆಂದು ಅರ್ಥ. ಎಲ್ಲವೂ ಯಶಸ್ವಿಯಾದರೆ ಅದು ನುಸುಳಿಕೊಂಡಿತೆಂದು ಅರ್ಥ. ಅಮೆರಿಕದ ರಿಚರ್ಡ್ ಲಿಪ್ಟನ್ 1971ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಈ ವಿಚಾರವನ್ನು ಮುಂದಿಟ್ಟರು. 1978ರಲ್ಲಿ ಡಿಮಿಲ್ಲೊ ಮತ್ತು ಸೇವರ್ಡ್ ಅವರೊಂದಿಗೆ ಪ್ರಕಟಿಸಿದ ಪ್ರಬಂಧದಿಂದ ಅದು ಪ್ರಸಿದ್ಧವಾಯಿತು. ನುರಿತ ಪ್ರೋಗ್ರಾಮರ್ ಬರೆದದ್ದು ಬಹುಮಟ್ಟಿಗೆ ಸರಿಯಾಗಿಯೇ ಇದ್ದು, ಕೂದಲೆಳೆಯಷ್ಟರಲ್ಲಿ ತಪ್ಪಿರುತ್ತದೆ ಎಂಬುದು ಅವರ ಗ್ರಹಿಕೆ.

ವರ್ತಕರಿಗೆ ಪರಿಚಿತವಾದ ಇ-ವೇ ಬಿಲ್ಲನ್ನೇ ನೋಡೋಣ. ಅಂತರರಾಜ್ಯ ಸಾಗಾಟಕ್ಕೆ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ, ಕೆಲವು ವಿಶೇಷ ಪ್ರಸಂಗಗಳನ್ನು ಬಿಟ್ಟರೆ, ತೆರಿಗೆಯೂ ಸೇರಿ ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿದರೆ ಬಿಲ್ ಅಗತ್ಯ. ಶೇ. 18 ತೆರಿಗೆಯ ಸರಕಿಗೆ ಎರಡು ಪರೀಕ್ಷೆಗಳಿವೆ ಎನ್ನೋಣ: 20,000ಕ್ಕೆ ‘ಬೇಡ’, 80,000ಕ್ಕೆ ‘ಬೇಕು’. ಕವರೇಜ್ ಪೂರ್ಣ. ಈಗ ನಾಲ್ಕು ಮ್ಯುಟೆಂಟುಗಳನ್ನು ಮಾಡಲಾಗಿದೆ. ‘ಮೀರಿದರೆ’ ಎಂಬುದನ್ನು ‘ಕಡಿಮೆಯಿದ್ದರೆ’ ಎಂದು ತಿರುಗಿಸಿದ್ದೂ, ಯಾವಾಗಲೂ ‘ಬೇಕು’ ಎನ್ನುವುದೂ ಕೂಡಲೇ ಸಿಕ್ಕಿಬೀಳುತ್ತವೆ. ಆದರೆ ತೆರಿಗೆಯನ್ನು ಕೂಡುವ ಬದಲು ಕಳೆದದ್ದು ಸಿಕ್ಕಿಬೀಳುವುದಿಲ್ಲ. 80,000ದಿಂದ 14,400 ಕಳೆದರೂ ಉತ್ತರ ‘ಬೇಕು’ ಎಂದೇ. ‘ಮೀರಿದರೆ’ ಎಂಬಲ್ಲಿ ‘ಅಷ್ಟೇ ಆದರೂ ಅಥವಾ ಮೀರಿದರೂ’ ಎಂದದ್ದೂ ಉಳಿಯುತ್ತದೆ. ಅಂಕ ನಾಲ್ಕಕ್ಕೆ ಎರಡು, ಅಂದರೆ ಶೇ. 50. ದಾರಿಯಲ್ಲಿ ವಾಹನ ತಡೆದು ಬಿಲ್ ಕೇಳಿದಾಗ ಮಾಲೀಕನಿಗೆ ಈ ಕೊರತೆಯ ಬೆಲೆ ತಿಳಿಯುತ್ತದೆ.

ಪರಿಹಾರ ಅಗ್ಗವಾದುದು. 48,000ಕ್ಕೆ ತೆರಿಗೆ ಸೇರಿ 56,640 ಆಗುವ ಪರೀಕ್ಷೆ ಒಂದು; ತೆರಿಗೆ ಸಹಿತ ಮೌಲ್ಯ ಸರಿಯಾಗಿ 50,000 ಇರುವುದು ಇನ್ನೊಂದು. ಇವೆರಡನ್ನು ಸೇರಿಸಿದರೆ ನಾಲ್ಕೂ ಸಾಯುತ್ತವೆ.

ವಿಧಾನಕ್ಕೆ ಮಿತಿಗಳೂ ಇವೆ. ಲೆಕ್ಕ ಪೂರ್ಣ ರೂಪಾಯಿಗಳಲ್ಲಿದ್ದರೆ ‘50,000 ಮೀರಿದರೆ’ ಎಂಬುದೂ ‘50,001 ಅಥವಾ ಅದಕ್ಕಿಂತ ಹೆಚ್ಚಾದರೆ’ ಎಂಬುದೂ ಒಂದೇ; ಅಂತಹ ಮ್ಯುಟೆಂಟನ್ನು ಯಾವ ಪರೀಕ್ಷೆಯೂ ಕೊಲ್ಲಲಾರದು. ಇಂಥವನ್ನು ಗುರುತಿಸಿ ಅಂಕದಿಂದ ಹೊರಗಿಡಬೇಕು, ಅದು ಮನುಷ್ಯನೇ ಕುಳಿತು ಮಾಡುವ ಬೇಸರದ ಕೆಲಸ. (ಪೈಸೆಗಳಿದ್ದರೆ ಇವೆರಡೂ ಬೇರೆಯೇ!) ಕಾಲವ್ಯಯವೂ ದೊಡ್ಡದು: ಒಂದು ಸುತ್ತಿನ ಪರೀಕ್ಷೆಗೆ 30 ಸೆಕೆಂಡು ಹಿಡಿದರೆ, ಸಾವಿರ ಮ್ಯುಟೆಂಟುಗಳಿಗೆ ಎಂಟು ಗಂಟೆಗೂ ಮೀರಿದ ಅವಧಿ ಬೇಕಾದೀತು. ಆದುದರಿಂದ ತೆರಿಗೆ, ರಿಯಾಯಿತಿ, ಬಡ್ಡಿಯಂತಹ ಹಣದ ಲೆಕ್ಕದ ಭಾಗಗಳಿಗೆ ಮಾತ್ರ ಇದನ್ನು ಅನ್ವಯಿಸುವುದು ಲೇಸು. ಪರದೆಯ ಬಣ್ಣ, ಅಕ್ಷರದ ಗಾತ್ರಗಳಿಗೆ ಬೇಡ. ಜಾವಾಕ್ಕೆ ಪಿಟ್, ಜಾವಾಸ್ಕ್ರಿಪ್ಟಿಗೆ ಸ್ಟ್ರೈಕರ್, ಪೈಥಾನಿಗೆ ಮ್ಯುಟ್‌ಮಟ್ ಎಂಬ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. ತಂತ್ರಾಂಶ ಮಾಡಿಸುವ ಉದ್ಯಮಿಯು ಕೊನೆಯ ಕಂತನ್ನು ಪಾವತಿಸುವ ಮೊದಲು ಈ ಭಾಗಗಳ ಮ್ಯುಟೇಷನ್ ಅಂಕವನ್ನೂ, ಉಳಿದ ಮ್ಯುಟೆಂಟುಗಳ ಪಟ್ಟಿಯನ್ನೂ ಕೇಳಿ ಪಡೆಯಬಹುದು.