ದುರ್ಬಲ ಮೀನಿನ ರೂಪಾಂತರ

ಮಕ್ಕಳೇ, ಜಪಾನಿನ ಸತೋಶಿ ತಾಜಿರಿಯವರು ರೂಪಿಸಿದ, ೧೯೯೬ರಲ್ಲಿ ಹೊರಬಂದ ‘ಪೋಕೆಮಾನ್’ ಎಂಬುದು ವಿಚಿತ್ರ ಜೀವಿಗಳನ್ನು ಹಿಡಿದು, ಪಳಗಿಸಿ, ಕಾದಾಡಿಸುವ ವಿಡಿಯೋ ಆಟ. ಅದರಲ್ಲಿ ಮ್ಯಾಜಿಕಾರ್ಪ್ ಎಂಬ ಕೆಂಪು ಮೀನೊಂದಿದೆ. ಕಾಳಗದಲ್ಲಿ ಅದು ಮೊದಮೊದಲು ಬಲ್ಲುದು ನೀರು ಚಿಮ್ಮಿಸಿ ನೆಗೆಯುವುದೊಂದೇ. ಅದರಿಂದ ಎದುರಾಳಿಗೆ ಕಿಂಚಿತ್ತೂ ನೋವಾಗದು.

ಆದುದರಿಂದ ಜಾಣನಾದ ಆಟಗಾರನು ಅದನ್ನು ಮೊದಲು ಕಣಕ್ಕಿಳಿಸಿ, ಒಡನೆಯೇ ಹಿಂದಕ್ಕೆ ಕರೆದು, ಬಲಶಾಲಿಯಾದ ಜೊತೆಗಾರನಿಂದ ಹೋರಾಡಿಸುವನು. ಗೆದ್ದರೆ ಅನುಭವದ ಅಂಕಗಳಲ್ಲಿ ಮೀನಿಗೂ ಪಾಲುಂಟು. ಹೀಗೆ ಬೆಳೆದು ೧೫ನೆಯ ಹಂತದಲ್ಲಿ ಅದು ಡಿಕ್ಕಿ ಹೊಡೆಯಲು ಕಲಿಯುವುದು; ೨೦ನೆಯ ಹಂತದಲ್ಲಿ ವಿಕಾಸಗೊಂಡು ಗ್ಯಾರಡೋಸ್ ಎಂಬ ಭೀಕರ ಜಲಸರ್ಪವಾಗುವುದು. ಆದರೂ ವಿದ್ಯುತ್ತಿನ ಪೆಟ್ಟು ಅದಕ್ಕೆ ನಾಲ್ಮಡಿಯಾಗಿ ತಾಗುವುದು.

ಬಲವುಳ್ಳವನು ಮೈಮರೆಯಬಾರದು, ದುರ್ಬಲನನ್ನು ಕಡೆಗಣಿಸಬಾರದು. ಪಾಠದಲ್ಲಿ ಹಿಂದುಳಿದ ಮಗುವಿನ ಕೈಬಿಡದ ತಾಯ್ತಂದೆಗಳಿಗೆ ಈ ಮಾತು ಹೊಸದಲ್ಲ.