ವಿಶ್ವಸಂಸ್ಥೆಯ ಒಡಂಬಡಿಕೆ ಮತ್ತು ಹತ್ತು ಕೆಲಸಗಾರರ ಘಟಕ

ವಿಶ್ವಸಂಸ್ಥೆಯ ಒಡಂಬಡಿಕೆಗಳು ಸರ್ಕಾರಗಳಿಗೆ ಸಂಬಂಧಿಸಿದವು; ಪೀಣ್ಯದ ಲೇತ್ ಘಟಕಕ್ಕೆ ಅವುಗಳಿಂದ ಆಗಬೇಕಾದುದೇನೂ ಇಲ್ಲವೆಂಬ ಭಾವನೆ ಸಣ್ಣ ಉದ್ಯಮಿಗಳಲ್ಲಿ ಉಂಟು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ನಿಷೇಧಿಸುವ 2013ರ ಕಾಯಿದೆಯು ಈ ಭಾವನೆ ಸರಿಯಲ್ಲವೆಂದು ತೋರಿಸುತ್ತದೆ.

ಹಿನ್ನೆಲೆ

ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯಗಳನ್ನು ನಿವಾರಿಸುವ ಒಡಂಬಡಿಕೆಯನ್ನು ವಿಶ್ವಸಂಸ್ಥೆಯ ಮಹಾಸಭೆ 1979ರಲ್ಲಿ ಅಂಗೀಕರಿಸಿತು. ಭಾರತವು 1980ರಲ್ಲಿ ಸಹಿ ಹಾಕಿ, 1993ರ ಜುಲೈ 9ರಂದು ಅದನ್ನು ಸ್ಥಿರೀಕರಿಸಿತು. ಇಂತಹ ಒಡಂಬಡಿಕೆಗಳನ್ನು ಜಾರಿಗೊಳಿಸಲು ಶಾಸನ ರಚಿಸುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿಯು ಸಂಸತ್ತಿಗೆ ನೀಡಿದೆ. ಶಾಸನವಿಲ್ಲದಿದ್ದ ಅವಧಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರ ವಿಶಾಖಾ ತೀರ್ಪಿನಲ್ಲಿ ಈ ಒಡಂಬಡಿಕೆಯನ್ನು ಆಧಾರವಾಗಿಟ್ಟುಕೊಂಡು ಮಾರ್ಗಸೂಚಿಗಳನ್ನು ವಿಧಿಸಿತು. ಕೊನೆಗೆ 2013ರ ಡಿಸೆಂಬರ್ 9ರಂದು ಕಾಯಿದೆ ಜಾರಿಗೆ ಬಂದಿತು. ಅದರ ಪ್ರಸ್ತಾವನೆಯಲ್ಲಿಯೇ ಒಡಂಬಡಿಕೆಯ ಉಲ್ಲೇಖವಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಇಲ್ಲಿ ಎಣಿಕೆಗೆ ಬರುವುದು ಎಲ್ಲ ಕೆಲಸಗಾರರು, ಮಹಿಳೆಯರು ಮಾತ್ರವಲ್ಲ. ಗುತ್ತಿಗೆ, ದಿನಗೂಲಿ, ಅಪ್ರೆಂಟಿಸ್ ಕೆಲಸಗಾರರೂ ಉದ್ಯೋಗಿಗಳೇ.

2. ಸಮಿತಿಯ ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆಯಾಗಿರಬೇಕು. ಅಂಥವರು ಘಟಕದಲ್ಲಿ ಇಲ್ಲದಿದ್ದರೆ ಅದೇ ಮಾಲೀಕರ ಬೇರೆ ಘಟಕದಿಂದ ಅಥವಾ ಬೇರೆ ಸಂಸ್ಥೆಯಿಂದ ನೇಮಿಸಲು ಅವಕಾಶವಿದೆ. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಹೊರಗಿನ ಒಬ್ಬ ಸದಸ್ಯರೂ ಇರಬೇಕು.

3. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪನಿಗಳು ಒದಗಿಸುವ ಕ್ಯಾಬ್ ಕೂಡ ಕಾಯಿದೆಯ ದೃಷ್ಟಿಯಲ್ಲಿ ಕೆಲಸದ ಸ್ಥಳವೇ.

4. ದೂರು ನೀಡಲು ಮೂರು ತಿಂಗಳ ಅವಧಿಯಿದೆ. ಸಮಿತಿಯು ಸಕಾರಣವಾಗಿ ಮತ್ತೆ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

5. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕದವರು, ಹಾಗೂ ಮಾಲೀಕರ ಮೇಲೆಯೇ ದೂರಿರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು.

6. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ತಪ್ಪು ಮರುಕಳಿಸಿದರೆ ದಂಡ ಇಮ್ಮಡಿಯಾಗುವುದಲ್ಲದೆ ಲೈಸೆನ್ಸ್ ರದ್ದಾಗಲೂಬಹುದು.

ಲೆಕ್ಕಪತ್ರಗಳಲ್ಲಿ

ಸಮಿತಿಯ ವಾರ್ಷಿಕ ವರದಿಯು ಹಣಕಾಸು ವರ್ಷಕ್ಕಲ್ಲ, ಕ್ಯಾಲೆಂಡರ್ ವರ್ಷಕ್ಕೆ ಸಂಬಂಧಿಸಿದ್ದು. ಅದನ್ನು ಮಾಲೀಕರಿಗೂ ಜಿಲ್ಲಾ ಅಧಿಕಾರಿಗೂ ಸಲ್ಲಿಸತಕ್ಕದ್ದು. ಸಮಿತಿ ರಚಿಸಿರುವ ಬಗ್ಗೆ ಕಂಪನಿಯ ನಿರ್ದೇಶಕ ಮಂಡಳಿಯ ವರದಿಯಲ್ಲಿ ಹೇಳಿಕೆ ನೀಡಬೇಕೆಂಬ ನಿಯಮ 2018ರಲ್ಲಿ ಬಂದಿತು. ಬಂದ ದೂರುಗಳು, ಇತ್ಯರ್ಥವಾದವು, 90 ದಿನ ಮೀರಿ ಉಳಿದವು ಎಂಬ ಮೂರು ಅಂಕಿಗಳನ್ನೂ ಕೊಡಬೇಕೆಂದು 2025ರ ತಿದ್ದುಪಡಿ ವಿಧಿಸಿತು. ಸಣ್ಣ ಕಂಪನಿ ಮತ್ತು ಏಕವ್ಯಕ್ತಿ ಕಂಪನಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಈ ವಿನಾಯಿತಿ ವರದಿಯ ಹೇಳಿಕೆಗೆ ಮಾತ್ರ, ಸಮಿತಿ ರಚನೆಗಲ್ಲ. ಪಾಲುದಾರಿಕೆ ಸಂಸ್ಥೆಯಾಗಲಿ, ಒಬ್ಬರೇ ಮಾಲೀಕರ ಘಟಕವಾಗಲಿ, ಹತ್ತು ಜನರಿದ್ದರೆ ಸಮಿತಿ ಇರಲೇಬೇಕು.

ವರದಿಯಲ್ಲಿ ದೂರುಗಳ ಸಂಖ್ಯೆ "ಇಲ್ಲ" ಎಂದು ಬರೆಯುವ ಮುನ್ನ ಮಾಲೀಕರು ಒಂದು ವಿಷಯವನ್ನು ಪರಿಶೀಲಿಸುವುದು ಒಳಿತು: ದೂರು ಹೇಳಲು ಯಾರ ಬಳಿ ಹೋಗಬೇಕೆಂಬುದು ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳಿಗೆ ತಿಳಿದಿದೆಯೇ? ಸಮಿತಿಯ ಹೆಸರುಗಳನ್ನು ಕನ್ನಡದಲ್ಲಿಯೂ, ಕೆಲಸಗಾರರು ಬಲ್ಲ ಇತರ ಭಾಷೆಗಳಲ್ಲಿಯೂ ಬಾಗಿಲ ಬಳಿ ಪ್ರಕಟಿಸಲು ಹೆಚ್ಚು ಖರ್ಚಿಲ್ಲ. ಅದು ತಿಳಿಯದಿದ್ದ ಕಡೆ "ಇಲ್ಲ" ಎಂಬ ನಮೂದಿಗೆ ಅರ್ಥವಿರುವುದಿಲ್ಲ.