ಧರಣಿಗೆ ಬರುವವರ ಫೋನಿಗೆ ಕೆಲವು ಕಟ್ಟಳೆ

ಹಿಟ್ನಾಳ ಮತ್ತು ಸುತ್ತಲಿನ ಹಳ್ಳಿಗಳಿಂದ ಕಾರ್ಖಾನೆ ಧೂಳಿನ ವಿರುದ್ಧ ಧರಣಿಗೆ ಬರುವ ಎಲ್ಲರ ಗಮನಕ್ಕೆ. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್‌ಗಳು ಎರಡು ಸಲ ಓದಬೇಕು.

ಬಲ್ಡೋಟಾ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಅಂದು ಭಾವುಕರಾಗಿ ಆಡಿದ ಮಾತಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಊರೂರು ಸುತ್ತಿತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕೆಲಸ ನಿಲ್ಲಿಸಲು ಸೂಚಿಸಿದರು. ಎಲ್ಲಾ ವಿಡಿಯೊದಿಂದಲೇ ಆಯಿತು ಅನ್ನುವವರಿದ್ದಾರೆ. ಅದು ತಪ್ಪು. ಅಂಗಡಿ ಮುಚ್ಚಿದ್ದವು, ಬೀದಿ ತುಂಬ ಜನರಿದ್ದರು. ಇದ್ದದ್ದನ್ನು ವಿಡಿಯೊ ತೋರಿಸಿತು. ಖಾಲಿ ಪೆಂಡಾಲನ್ನು ಯಾವ ರೀಲ್ಸೂ ತುಂಬಿಸಲಾರದು.

ಮಾಡಬೇಕಾದ್ದು

ಮೊದಲು ಬಂದು ಕೂಡಬೇಕು. ಸ್ಟೇಟಸ್ ಆಮೇಲೆ.

ಕರೆಯ ಸಂದೇಶದಲ್ಲಿ ತಾರೀಖು, ವಾರ, ಹೊತ್ತು, ಜಾಗ ನಾಲ್ಕೂ ಇರಲೇಬೇಕು. ‘ನಾಳೆ ಧರಣಿ, ಎಲ್ಲರೂ ಬರ್ರಿ’ ಅಂತ ಹಾಕಬೇಡಿ. ಅದು ಮೂರು ದಿನ ಫಾರ್ವರ್ಡ್ ಆಗುತ್ತಲೇ ಇರುತ್ತದೆ, ಮೂರು ದಿನವೂ ಜನ ‘ನಾಳೆ’ ಅಂತಲೇ ಓದುತ್ತಾರೆ.

ಧೂಳಿನ ಫೋಟೊ ತೆಗೆಯುವುದರಲ್ಲಿ ಶಿಸ್ತು ಬೇಕು. ಮಾಳಿಗೆ ಮೇಲೆ ಬೆರಳಾಡಿಸಿ ಕರಿಯಾದ ಬೆರಳು ತೋರಿಸಿದರೆ ಸಾಲದು, ಅದು ಯಾರ ಬೆರಳೋ, ಯಾವ ಊರೋ. ಮನೆ, ಹಿಂದಿನ ಚಿಮಣಿ, ನಡುವಿನ ಹೊಲ ಒಂದೇ ಚೌಕಟ್ಟಿನಲ್ಲಿ ಬರಲಿ. ಊರು, ತಾರೀಖು, ಹೊತ್ತು ಕೆಳಗೆ ಬರೆಯಿರಿ. ರಾತ್ರಿ ಹೊಗೆ ಜಾಸ್ತಿ ಬಿಡುತ್ತಾರೆ ಎಂದರೆ ಅದು ಆರೋಪ. ವಾರವಿಡೀ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿಂತು ತೆಗೆದ ಫೋಟೊಗಳಿದ್ದರೆ ಅದು ಸಾಕ್ಷಿ.

ಮೂಲ ಫೋಟೊ ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು-ಜಾಗದ ವಿವರವೂ ಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ನಾಳೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಕೇಳುತ್ತಾರೆ. ಆ ಫೋನೂ ಬೇಕು, ಅದರ ಧಣಿಯೂ ಬೇಕು.

ಗ್ರೂಪಿಗೆ ಹಾಕಿದ್ದು ದೂರು ಅಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದು, ಆ ಸ್ವೀಕೃತಿಯ ಫೋಟೊ ಗ್ರೂಪಿಗೆ ಹಾಕಿ.

ಮಾಡಬಾರದ್ದು

ಬೇರೆ ಊರಿನ ಹೊಗೆ, ಹಳೆಯ ವಿಡಿಯೊ, ಕಂಪ್ಯೂಟರಿನಲ್ಲಿ ಹುಟ್ಟಿಸಿದ ಚಿತ್ರ ಹಾಕಲೇಬಾರದು. ಒಂದು ಸುಳ್ಳು ಫೋಟೊ ಸಿಕ್ಕರೆ ಎದುರಿನವರು ನಮ್ಮ ನೂರು ನಿಜವನ್ನೂ ಅದರ ಜೊತೆಗೇ ತಳ್ಳಿಹಾಕುತ್ತಾರೆ.

ಯಾರದೋ ಕಾರಿನ ನಂಬರ್, ಯಾರದೋ ಮುಖ ಹಾಕಿ ‘ಇವರನ್ನ ಹಿಡೀರಿ’ ಅನ್ನಬಾರದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿರಲಿ. ಹುಡುಗರಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದರು. ಗುಂಪು ಬಡಿದು ಒಬ್ಬರನ್ನು ಕೊಂದಿತು. ಬಂಧಿತರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಹಾಗಂತ ಅಭಿಪ್ರಾಯ ಬರೆಯಲು ಹೆದರಬೇಕಿಲ್ಲ. ಅಂಥ ಬರಹಕ್ಕೆ ಜೈಲು ತೋರಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಆದರೆ ಗಲಭೆ ಎಬ್ಬಿಸುವ ಸುಳ್ಳು ಸುದ್ದಿಗೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆ.

ಪಾಳಿ ಮುಗಿಸಿ ಗೇಟಿನಿಂದ ಹೊರಬರುವ ಕಾರ್ಮಿಕರ ವಿಡಿಯೊ ಮಾಡಬೇಡಿ. ಅವರೂ ನಮ್ಮ ಮನೆ ಹುಡುಗರೇ, ಅವರ ಮನೆ ಮಾಳಿಗೆ ಮೇಲೂ ಅದೇ ಧೂಳು ಬೀಳುತ್ತದೆ.

ಕೊಪ್ಪಳದ ಶಾಸಕರ ಹೆಸರಿನಲ್ಲೂ ಸಂಸದರ ಹೆಸರಿನಲ್ಲೂ ‘ಹಿಟ್ನಾಳ’ ಇದೆ. ಅವರನ್ನು ಪ್ರಶ್ನೆ ಕೇಳಿ, ದಿನಾ ಕೇಳಿ. ಮನೆಯವರನ್ನು ಎಳೆದು ತಂದು ಬೈಯುವ ಆಡಿಯೊ ಮಾತ್ರ ಬೇಡ.

ಟೋಲ್‌ಗೇಟ್ ಬಳಿ ರಸ್ತೆ ತಡೆ ಎಂದು ನಿಮ್ಮಷ್ಟಕ್ಕೆ ನೀವೇ ಪೋಸ್ಟ್ ಹಾಕಬಾರದು. ಹೊಸಪೇಟೆ ಹೆದ್ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಮರುದಿನದ ಸುದ್ದಿ ಧೂಳಿನದ್ದಾಗಿರುವುದಿಲ್ಲ.

ತಪ್ಪು ಸುದ್ದಿ ಹಾಕಿದವರು ಸುಮ್ಮನೆ ಡಿಲೀಟ್ ಮಾಡಿ ಜಾರಿಕೊಳ್ಳಬಾರದು. ಅದೇ ಗ್ರೂಪಿನಲ್ಲಿ ‘ಅದು ತಪ್ಪು, ನಿಜ ಇದು’ ಎಂದು ಬರೆಯಬೇಕು. ಧರಣಿಯ ಹಿಂದಿನ ರಾತ್ರಿಯಿಂದ ಮುಗಿಯುವವರೆಗೆ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಗ್ರೂಪಿನ ಸೆಟ್ಟಿಂಗ್ ಬದಲಿಸಿಡಿ.

ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳಿಗೂ ಇಲ್ಲಿ ಜಾಗವಿಲ್ಲ. ಎರಡನೇ ಸಲ ಹಾಕಿದವರನ್ನು ಗ್ರೂಪಿನಿಂದ ತೆಗೆಯಲಾಗುವುದು. ಧರಣಿಗೆ ಬರಲು ಅವರಿಗೆ ಅಡ್ಡಿಯಿಲ್ಲ.